ಕಳ್ವಾ ದಾಟುವಾಗ ನನ್ನ ಬಲಗಡೆ ಇದ್ದವರು

ನಾನು ಕನ್ನಡ ದಿನಪತ್ರಿಕೆಯೊಂದರ ವಾರದ ಪುರವಣಿಯನ್ನು ನೋಡಿಕೊಳ್ಳುವವಳು. ಓದುಗರು ಕಳಿಸುವ ಬರಹಗಳಲ್ಲಿ 'ನನಗಾದ ವಿಚಿತ್ರ ಅನುಭವ' ಎಂಬ ಜಾತಿಯವು ಯಾವಾಗಲೂ ಒಂದೆರಡು ಇರುತ್ತವೆ. ತೀರಿಹೋದ ಮಾವ ಬಾಗಿಲು ತಟ್ಟಿದ್ದು, ಘಾಟಿಯಲ್ಲಿ ಯಾರೋ ದಾರಿ ತೋರಿಸಿ ಮಾಯವಾದದ್ದು. ಅವನ್ನು ಓದುವಾಗ ನನ್ನ ತಲೆಯಲ್ಲಿ ಬರುತ್ತಿದ್ದ ಪ್ರಶ್ನೆಗಳು ಯಾವಾಗಲೂ ಅವೇ. ಬೇರೆ ಯಾರು ನೋಡಿದರು? ಬರೆದವರಿಗೆ ಆಗ ಜ್ವರವಿತ್ತೇ, ನಿದ್ದೆಗಣ್ಣಿತ್ತೇ? ಉತ್ತರ ಸಿಗದಿದ್ದರೆ ವಿಷಾದದ ಎರಡು ಸಾಲು ಬರೆದು ಮರಳಿಸುತ್ತಿದ್ದೆ. ಸುಲಭಕ್ಕೆ ನಂಬದಿರುವುದು ನನ್ನ ಕೆಲಸದ ಭಾಗ ಎಂದುಕೊಂಡಿದ್ದೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಆದ್ದರಿಂದ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ.

ನಮ್ಮ ಮನೆ ಡೊಂಬಿವಲಿಯಲ್ಲಿ. ಕಚೇರಿ ಮಹಾಪೆಯಲ್ಲಿ, ಮುದ್ರಣಾಲಯದ ಮೇಲಿನ ಮಹಡಿ. ಬೆಳಿಗ್ಗೆ ಸ್ಲೋ ಲೋಕಲ್ ಹಿಡಿದು ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಹೋಗಬೇಕು. ಮಹಿಳೆಯರ ಡಬ್ಬಿಯಲ್ಲಿ ನಮ್ಮದೊಂದು ಗುಂಪಿದೆ. ಮೂವರ ಸೀಟಿನಲ್ಲಿ ನಾಲ್ವರು ಕೂರುವುದು ಈ ಲೈನಿನ ಅಲಿಖಿತ ಕಾನೂನು. ಓಡಾಡುವ ದಾರಿಯ ಕಡೆಗೆ, ಅರ್ಧ ಕೂತು ಅರ್ಧ ನಿಂತಂತೆ, ಒಂದು ಕಾಲನ್ನು ಬಲವಾಗಿ ಊರಿಕೊಂಡಿರಬೇಕಾದ ಜಾಗಕ್ಕೆ 'ಚೌಥೀ ಸೀಟ್' ಎಂದು ಹೆಸರು. ನಮ್ಮ ಗುಂಪಿನಲ್ಲಿ ಅದು ಸರದಿಯಂತೆ ಬರುತ್ತದೆ. ದಿವಾ ಸ್ಟೇಷನ್ ಬಂತೆಂದರೆ ಜಾಗ ಬದಲಾಗಲೇಬೇಕು. ಈ ಕಾನೂನನ್ನು ಕಾಯುವವಳು ಸುರೇಖಾತಾಯಿ. ಠಾಣೆಯ ಕಚೇರಿಯೊಂದರಲ್ಲಿ ಗುಮಾಸ್ತೆ, ನನಗಿಂತ ಹಿರಿಯಳು, ಮರಾಠಿಯವಳು; ಅವರ ಭಾಷೆಯಲ್ಲಿ ತಾಯಿ ಎಂದರೆ ಅಕ್ಕ. ಗುಂಪಿನಲ್ಲಿ ನನಗೆ ಹತ್ತಿರದ ಇನ್ನೊಬ್ಬಳು ವನಜ. ನಮ್ಮ ಉಡುಪಿ ಕಡೆಯ ಹುಡುಗಿ, ಬ್ಯಾಂಕಿನ ಕೆಲಸ. ಡಬ್ಬಿಯಲ್ಲಿ ತುಳು ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಕೆಲವು ವರ್ಷಗಳ ಹಿಂದಿನ ಆ ಬೆಳಿಗ್ಗೆ ದಿವಾದಲ್ಲಿ ಚೌಥೀ ಸೀಟಿನ ಸರದಿ ನನ್ನದಾಗಿತ್ತು. ನಾನು ಮೂರನೆಯ ಜಾಗ ಬಿಟ್ಟು ಏಳಲಿಲ್ಲ.

"ಅಗ, ಆಜ್ ತುಝಾ ನಂಬರ್ ಆಹೇ!" ಎಂದು ಸುರೇಖಾತಾಯಿ ಎದುರು ನಿಂತು ಗದರಿದಳು.

"ತಾಯಿ, ಪ್ರೂಫ್ ನೋಡಬೇಕು, ಪ್ಲೀಸ್," ಎಂದು ಮರಾಠಿಯಲ್ಲಿ ಗೋಗರೆದೆ.

"ದೇಶ ನಡೆಯೋದೇ ಇವಳ ಪ್ರೂಫಿನಿಂದ," ಎಂದು ಅವಳು ಉಳಿದವರತ್ತ ತಿರುಗಿ ಅಂದಳು. ಎಲ್ಲರೂ ನಕ್ಕರು. ವನಜ ನನ್ನ ಬಲಗಡೆ ಚೌಥೀ ಸೀಟಿನಲ್ಲಿ ಕೂತಳು. ನಾನು ಪುರವಣಿಯ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡೆ.

ಮುಂಬ್ರಾ ಬಿಟ್ಟ ಮೇಲೆ ಒಂದು ಸಾಲು ಅರ್ಧಕ್ಕೆ ನಿಂತಿತು. ಅದರ ಕೆಳಗಿನದೂ ಅಷ್ಟೇ. ಪ್ರಿಂಟರಿನಲ್ಲಿ ಶಾಯಿ ಮುಗಿದಿರಬೇಕು ಎಂದುಕೊಂಡು ಹಾಳೆ ತಿರುವಿದೆ. ಮುಂದಿನ ಪುಟವೂ ಹಾಗೇ ಇತ್ತು. ಬಲಗಡೆಯ ಭಾಗ ಕಪ್ಪಾಗಿರಲಿಲ್ಲ, ಬಿಳಿಯಾಗಿಯೂ ಇರಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಇರುವುದೂ ಇಲ್ಲದ್ದೂ ಕೂಡುವ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ನಡುಗುತ್ತಿತ್ತು. ಅಂಥ ಬೆಳಕು ನನಗೆ ಮೊದಲೂ ಒಂದೆರಡು ಸಲ ಕಂಡಿತ್ತು, ಬೆನ್ನಿಗೇ ತಲೆನೋವು ಬಂದಿತ್ತು. ಹಾಗಾಗಿ ಆ ಕ್ಷಣದಲ್ಲಿ ನನಗೆ ಭಯವಾಗಲಿಲ್ಲ.

ಆಮೇಲೆ ಹಾಳೆಯ ಮೇಲೆ ಒಂದು ಕೈ ಬಂದು ಬಿದ್ದಿತ್ತು. ವನಜಳದ್ದು ಎಂದುಕೊಂಡೆ. ನಾಲ್ವರು ಒತ್ತಿಕೊಂಡು ಕೂತಾಗ ಯಾರ ಕೈ ಎಲ್ಲಿರುತ್ತದೆ ಎಂದು ಯಾರೂ ಲೆಕ್ಕವಿಡುವುದಿಲ್ಲ. ಎಡಗೈಯಿಂದ ಅದನ್ನು ಮೆಲ್ಲಗೆ ಎತ್ತಿ ಅವಳ ತೊಡೆಯ ಮೇಲಿಟ್ಟೆ. ಎತ್ತುವಾಗ ಅದರ ಉಂಗುರ ಕಂಡಿತು. ನನ್ನ ಉಂಗುರದಂಥದ್ದೇ ಇವಳೂ ಮಾಡಿಸಿಕೊಂಡಿದ್ದಾಳೆ, ಹೇಳಲೇ ಇಲ್ಲವಲ್ಲ ಎಂದು ಯೋಚಿಸಿದ್ದು ಸ್ಪಷ್ಟವಾಗಿ ನೆನಪಿದೆ.

"ಎಂತ ಅಕ್ಕ, ಕೈ ನೋಡಿ ಭವಿಷ್ಯ ಹೇಳ್ಬೇಕಾ?" ಎಂದು ವನಜ ನಕ್ಕಳು.

ಕೈ ಜಾರಿ ಮತ್ತೆ ಹಾಳೆಯ ಮೇಲೆ ಬಂತು. ನಾನು ಮತ್ತೆ ಎತ್ತಿ ಅವಳಿಗೆ ಕೊಟ್ಟೆ. ಈ ಸಲ ಅವಳು ಮುಂದಕ್ಕೆ ಬಾಗಿ ನನ್ನ ಮುಖ ನೋಡಿದಳು. ಅವಳ ನಗು ನಿಂತಿತು. ಅವಳ ಮುಖದಲ್ಲೂ ಅರ್ಧ ಮಾತ್ರ ನನಗೆ ಕಾಣುತ್ತಿತ್ತು. ಆಗ ನನ್ನ ಬಲಗೈ ಬೆರಳುಗಳನ್ನು ಮಡಚಲು ನೋಡಿದೆ. ಉಂಗುರದ ಕೈ ಅಲುಗಲಿಲ್ಲ.

ಬಾಯಿ ವಾಲುವುದು, ಕೈ ಬೀಳುವುದು, ಮಾತು ಹೋಗುವುದು. ಪಾರ್ಶ್ವವಾಯುವಿನ ಈ ಲಕ್ಷಣಗಳನ್ನು ಆರೋಗ್ಯ ಪುಟದಲ್ಲಿ ನಾನೇ ಎಷ್ಟು ಸಲ ಚೌಕಟ್ಟು ಕಟ್ಟಿ ಹಾಕಿದ್ದೆನೋ. ಈಗ ಒಂದೊಂದನ್ನೇ ನನ್ನಲ್ಲಿ ತಾಳೆ ನೋಡುತ್ತಿದ್ದೆ. ಗಲ್ಲದ ಮೇಲೆ ಜೊಲ್ಲು ಇಳಿದದ್ದು ಎಡಗೈಯಿಂದ ಮುಟ್ಟಿದಾಗಲಷ್ಟೇ ಗೊತ್ತಾಯಿತು. ವನಜಳ ಹೆಸರು ಕರೆಯಬೇಕೆಂದು ಬಾಯಿ ತೆರೆದೆ. ಹೆಸರು ಇರಲಿಲ್ಲ. ಮರೆತಾಗ ನಾಲಿಗೆಯ ತುದಿಯಲ್ಲಿ ಏನೋ ಉಳಿದಿರುತ್ತದಲ್ಲ, ಅದೂ ಇರಲಿಲ್ಲ. ಕನ್ನಡ, ತುಳು, ಮರಾಠಿ, ಹಿಂದಿ ಎಲ್ಲವೂ ಒಮ್ಮೆಗೇ ಹೋಗಿದ್ದವು. ಸಾಯುವ ಭಯ ನನಗೆ ಆಗ ಬರಲಿಲ್ಲ. ಹೀಗೇ ಬದುಕಿ ಉಳಿದರೆ ಎಂಬ ಭಯ ಬಂತು. ಬರೆಯುವ ಕೈ, ಓದುವ ಕಣ್ಣು, ಮಾತು ಇವು ಮೂರೂ ಇಲ್ಲದೆ ಯಾರದೋ ಮನೆಯ ಕುರ್ಚಿಯಲ್ಲಿ ಕೂತಿರುವ ಹೆಂಗಸೊಬ್ಬಳು ನನಗೆ ಕಂಡಳು. ಆ ಮನೆ ನನ್ನದೇ ಆಗಿತ್ತು.

"ಉಠಾ, ಸಗಳ್ಯಾ ಉಠಾ, ಹವಾ ಯೇಊ ದ್ಯಾ!" ಗಾಳಿ ಬರಲಿ, ಎಲ್ಲ ಏಳಿ ಎಂದು ಸುರೇಖಾತಾಯಿ ಕೂಗಿದ್ದು ಕೇಳಿತು. ಸೀಟು ಖಾಲಿಯಾಯಿತು. ಅವಳು ಎದುರು ನಿಂತು ನನ್ನ ಎರಡೂ ಭುಜಗಳನ್ನು ಸೀಟಿಗೆ ಒತ್ತಿ ಹಿಡಿದಳು. ವನಜ ನನ್ನ ಎಡಗಡೆ ನಿಂತು ಫೋನಿನಲ್ಲಿ ನನ್ನ ಗಂಡನಿಗೆ ಹೇಳುತ್ತಿದ್ದಳು.

ಕಳ್ವಾ ಬಿಟ್ಟ ಗಾಡಿ ಎಂದಿನಂತೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆಯ ಬಳಿ ಸಿಗ್ನಲ್ಲಿಗೆ ನಿಂತಿತು. ಆಗ ನನ್ನ ಬಲಗಡೆಯಿಂದ, ನನಗೆ ಇಲ್ಲವೇ ಇಲ್ಲದ ಆ ಕಡೆಯಿಂದ, ಒಬ್ಬರು ನನ್ನ ಮಣಿಕಟ್ಟು ಹಿಡಿದುಕೊಂಡರು. ಬಲಮೈಯಲ್ಲಿ ಎಲ್ಲಿಯೂ ಸ್ಪರ್ಶವಿಲ್ಲದಾಗ ಅಲ್ಲಿ ಮಾತ್ರ, ಬಳೆಯಷ್ಟು ಅಗಲಕ್ಕೆ, ಬಿಸಿ ತಿಳಿಯಿತು. ಕಿವಿಯ ಹತ್ತಿರ ತುಳುವಿನಲ್ಲಿ ಒಂದು ಹೆಂಗಸಿನ ದನಿ. "ಪೋಡಿಯೊಡ್ಚಿ. ಯಾನ್ ಮುಲ್ಪನೇ ಉಲ್ಲೆ. ಠಾಣೆ ಬತ್ತ್‌ಂಡ್." ಹೆದರಬೇಡ, ನಾನು ಇಲ್ಲೇ ಇದ್ದೇನೆ, ಠಾಣೆ ಬಂತು. ಅದನ್ನೇ ಮತ್ತೆ ಮತ್ತೆ, ಅವಸರವಿಲ್ಲದೆ ಹೇಳುತ್ತಿತ್ತು. ಸುತ್ತಲಿನವರ ಮರಾಠಿ ಹಿಂದಿಗಳೆಲ್ಲ ಬರೀ ಸದ್ದಾಗುತ್ತ ಹೋದರೂ ಈ ಮೂರು ಮಾತು ನನಗೆ ಅರ್ಥವಾಗುತ್ತಿದ್ದವು. ಅದು ನನ್ನ ತಾಯಿಯ ದನಿ ಎಂದು ಬರೆದರೆ ಬರಹ ಚೆನ್ನಾಗಿರುತ್ತದೆ. ಆದರೆ ಅದು ನನ್ನ ತಾಯಿಯ ದನಿಯಲ್ಲ. ನನಗೆ ಪರಿಚಯದ ಯಾರದ್ದೂ ಅಲ್ಲ. ಕತ್ತು ತಿರುಗಿಸಿ ನೋಡಲು ಯತ್ನಿಸಿದೆ. ಹಾಳೆಯ ಬಲ ಅರ್ಧದಂತೆ ಅಲ್ಲಿ ಏನೂ ಇರಲಿಲ್ಲ.

ಠಾಣೆಯಲ್ಲಿ ನನ್ನನ್ನು ಎತ್ತಿ ಇಳಿಸುವವರೆಗೂ ಮಣಿಕಟ್ಟಿನ ಬಿಸಿ ಇತ್ತು. ಪ್ಲಾಟ್‌ಫಾರ್ಮಿನ ಮೇಲೆ ಅದು ಬಿಟ್ಟುಹೋಯಿತು. ನನ್ನ ಭಯ ಕೈಮೀರಿದ್ದು ಆಮೇಲೆಯೇ.

ನನ್ನ ಗಂಡ ಸುಧಾಕರ ಠಾಣೆಯ ಹಳೆ ನಾಕಾದ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಗಲ್ಲಾ ಬಿಟ್ಟು ಬಂದವರು ನಮಗಿಂತ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿದ್ದರು. ತುರ್ತು ವಿಭಾಗದ ಡಾಕ್ಟರು ಪೆನ್ನು ತೋರಿಸಿ ಇದೇನು ಎಂದು ಕೇಳಿದರು. ನನಗೆ ಪೆನ್ನು ಗೊತ್ತು. ಬಾಯಿಂದ ಬಂದದ್ದು "ಪುಟ". ನನ್ನ ಹೆಸರು ಕೇಳಿದರು. "ಪುಟ." ಸುಧಾಕರ ಬಾಗಿ, "ಯಾನ್ ಏರ್? ಪನ್ಲ," ನಾನು ಯಾರು ಹೇಳು ಎಂದು ತುಳುವಿನಲ್ಲೇ ಕೇಳಿದರು. "ಪುಟ, ಪುಟ" ಎಂದೆ. ಅವರ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡೆ.

ಡಾಕ್ಟರು ಅವಸರದಲ್ಲಿದ್ದರು. ರಕ್ತನಾಳ ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಬೇಗ ಕೊಡಬೇಕು, ತಡವಾದಷ್ಟೂ ಮೆದುಳು ಹೋಗುತ್ತದೆ. ಆದರೆ ಅದರಿಂದ ಮೆದುಳಿನಲ್ಲಿ ರಕ್ತ ಸೋರುವ ಅಪಾಯವೂ ಇದೆ. ಯಾವುದಕ್ಕೂ ಮೊದಲು, ಇವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಗೊತ್ತಾಗಬೇಕು ಎಂದರು.

"ದಿವಾ ತಕ್ ಏಕ್‌ದಮ್ ಠೀಕ್ ಥೀ," ಎಂದಳು ಸುರೇಖಾತಾಯಿ. "ದಿವಾ ಮೇಂ ಮೇರೇ ಸೇ ಸೀಟ್ ಕೇ ಲಿಯೇ ಝಗಡಾ ಕಿಯಾ ನಾ!" ದಿವಾದವರೆಗೂ ಸರಿಯಾಗಿದ್ದಳು, ಅಲ್ಲಿ ಸೀಟಿಗಾಗಿ ನನ್ನ ಹತ್ತಿರ ಜಗಳವಾಡಿದಳಲ್ಲ ಎಂದು.

"ಟೈಮ್ ಹೇಳಿ, ತಾಯಿ."

"ಟೈಮ್ ಯಾರು ನೋಡ್ತಾರೆ? ಯಾವ ಗಾಡಿ ಅಂತ ಹೇಳ್ತೇನೆ."

ಡಾಕ್ಟರು ಇದೇ ಲೈನಿನ ಕಲ್ಯಾಣದಿಂದ ಬರುವವರು, ಪುಣ್ಯಕ್ಕೆ. ಗಾಡಿಯ ಹೆಸರು ಕೇಳಿದ್ದೇ ದಿವಾ, ಮುಂಬ್ರಾ ಎಂದು ಬೆರಳು ಮಡಚಿ ಹೊತ್ತನ್ನು ಬರೆದುಕೊಂಡರು. ಮೊದಲ ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಈಗ ಸುಧಾಕರ ಒಪ್ಪಿಗೆ ಹೇಳಬೇಕಿತ್ತು. "ನಿಮ್ಮ ಅಕ್ಕ ಆಗಿದ್ದರೆ ಎಂತ ಮಾಡ್ತಿದ್ರಿ?" ಎಂದು ಅವರು ಹಿಂದಿಯಲ್ಲಿ ಕೇಳಿದರಂತೆ. "ಕೊಡಿಸ್ತಿದ್ದೆ" ಎಂದರಂತೆ ಡಾಕ್ಟರು. ಇವರು ತಲೆಯಾಡಿಸಿದರು. ನರ್ಸು ಸೂಜಿ ಸಿದ್ಧಮಾಡುತ್ತಿದ್ದಾಗ ನನ್ನ ಬಲಗೈಯ ಕಿರುಬೆರಳು ಹಾಸಿಗೆಯ ಚಾದರವನ್ನು ಕೆರೆಯಿತು. ಮೊದಲು ಕಂಡದ್ದು ಸುಧಾಕರರಿಗೆ. "ರುಕೋ, ರುಕೋ!" ಎಂದು ಅವರು ಕೂಗಿದ್ದು ನನಗೂ ಕೇಳಿತು, ಅರ್ಥವೂ ಆಯಿತು. ಡಾಕ್ಟರು ಸೂಜಿಯನ್ನು ತಡೆದು ಇನ್ನೊಂದು ಸ್ಕ್ಯಾನಿಗೆ ಕಳಿಸಿದರು. ಅದರೊಳಗೆ ಮಲಗಿದ್ದಾಗ ತಲೆಯ ಎಡಭಾಗಕ್ಕೆ ಮೊಳೆ ಹೊಡೆದಂಥ ನೋವು ಶುರುವಾಯಿತು. ವಾಂತಿಯಾಯಿತು. ಹೊರಗೆ ಬಂದಾಗ ಗಂಡನ ಹೆಸರು ಹೇಳಿದೆ. ಯಾರ ಮುಂದೆಯೂ ಎಂದೂ ಅಳದ ಮನುಷ್ಯ ಗೋಡೆಯ ಕಡೆ ತಿರುಗಿಕೊಂಡರು.

ಅದು ಪಾರ್ಶ್ವವಾಯುವಲ್ಲ, ಅದನ್ನೇ ಹೋಲುವ ಒಂದು ಬಗೆಯ ಅರೆತಲೆನೋವು ಎಂದು ನರರೋಗ ತಜ್ಞರು ಮರುದಿನ ಹೇಳಿದರು. ಕಣ್ಣಿನ ಮುಂದಿನ ಬೆಳಕು, ಬಿದ್ದ ಕೈ, ಹೋದ ಮಾತು, ಸ್ವಂತ ಕೈಯೇ ಪರರದ್ದೆನಿಸಿದ್ದು, ಎಲ್ಲಕ್ಕೂ ಅವರ ಬಳಿ ವಿವರಣೆಯಿತ್ತು. ಎರಡೂ ಒಂದೇ ಥರ ಕಾಣುತ್ತವೆ, ಮನೆಯಲ್ಲಿ ಕೂತು ಇದು ತಲೆನೋವೇ ಎಂದು ಯಾರೂ ತೀರ್ಮಾನ ಮಾಡಕೂಡದು, ಆಸ್ಪತ್ರೆಗೆ ಓಡಬೇಕು ಎಂದು ಒತ್ತಿ ಹೇಳಿದರು. ಅದನ್ನು ನಾನೂ ಇಲ್ಲಿ ಒತ್ತಿ ಹೇಳುತ್ತೇನೆ.

ಮತ್ತೆ ಗಾಡಿ ಹತ್ತಿದ ದಿನ ನಾನು ಮೊದಲು ಕೇಳಿದ್ದು ನನ್ನ ಬಲಗಡೆ ಕೂತು ತುಳು ಮಾತಾಡಿದವರು ಯಾರು ಎಂದು. ಅವರಿಗೆ ಕೃತಜ್ಞತೆ ಹೇಳಬೇಕಿತ್ತು. ವನಜ ನನ್ನನ್ನೇ ನೋಡಿದಳು.

"ಬಲಗಡೆ ಯಾರೂ ಇರ್ಲಿಲ್ಲ ಅಕ್ಕ. ಸೀಟು ಪೂರ್ತಿ ಖಾಲಿ ಮಾಡಿಸಿದ್ರಲ್ಲ. ಮಾತಾಡ್ತಾ ಇದ್ದದ್ದು ನೀವೇ. ಎಡಗೈಯಿಂದ ಬಲಗೈ ಹಿಡ್ಕೊಂಡು, ಅದಕ್ಕೇ ಹೇಳ್ತಾ ಇದ್ರಿ, ಪೋಡಿಯೊಡ್ಚಿ, ಪೋಡಿಯೊಡ್ಚಿ ಅಂತ. ನಂಗೆ ಹೆದರಿಕೆ ಆದದ್ದೇ ಅದಕ್ಕೆ."

ಇದನ್ನು ಕೇಳಿ ಒಂದು ಕ್ಷಣ ಸಮಾಧಾನವಾಯಿತು. ನನ್ನ ಮೆದುಳೇ ತನಗೆ ತಾನು ಧೈರ್ಯ ಹೇಳಿಕೊಂಡಿದೆ. ಒಪ್ಪಬಹುದಾದ ಮಾತು. ಖಚಿತಪಡಿಸಿಕೊಳ್ಳಲು ಸುರೇಖಾತಾಯಿಯನ್ನೂ ಬೇರೆಯಾಗಿ ಕೇಳಿದೆ. ಅವಳು ನನ್ನ ಭುಜ ಹಿಡಿದು, ಮುಖಕ್ಕೆ ಮುಖ ಕೊಟ್ಟು ಠಾಣೆಯವರೆಗೂ ನಿಂತಿದ್ದವಳು. "ನೀನಾ? ಒಂದು ಅಕ್ಷರ ಆಡಲಿಲ್ಲ. ಬಾಯಿ ಸೊಟ್ಟಗಾಗಿ ಮುಚ್ಚಿತ್ತು. ಹಲ್ಲು ಕಚ್ಚಿದ್ದೀಯೇನೋ ಎಂದು ನಾನೇ ಬೆರಳಿಟ್ಟು ನೋಡಿದೆ," ಎಂದಳು. ಎಡಗೈ ಎಲ್ಲಿತ್ತು ಎಂದು ಕೇಳಿದೆ. ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತಂತೆ. ಬಿಡಿಸುವುದೇ ಕಷ್ಟವಾಯಿತಂತೆ.

ಇಬ್ಬರಿಗೂ ಸುಳ್ಳು ಹೇಳುವ ಕಾರಣವಿಲ್ಲ. ಇಬ್ಬರೂ ಒಂದು ಮಾರು ದೂರದೊಳಗೆ ನಿಂತಿದ್ದವರು. ತಜ್ಞರಿಗೆ ಮೂರೂ ಹೇಳಿಕೆಗಳನ್ನು ಒಪ್ಪಿಸಿದೆ. ಮಾತು ಹೋದವರಲ್ಲೂ ಭಯದಂಥ ಭಾವದಿಂದ ತಾನಾಗಿ ಬರುವ ಮಾತು ಕೆಲವೊಮ್ಮೆ ಉಳಿದುಕೊಳ್ಳುತ್ತದೆ ಎಂದರು. ಬಾಯಿ ಮುಚ್ಚಿದ್ದವಳ ಮಾತು ವನಜಳಿಗೆ ಹೇಗೆ ಕೇಳಿತು ಎಂದೆ. ನೆನಪು ಮೋಸ ಮಾಡುತ್ತದೆ ಎಂದರು. ಮಾಡುತ್ತದೆ, ನನಗೂ ಗೊತ್ತು. ಆದರೆ ನನಗೆ ಕೇಳಿದ್ದು ಯಾವ ಮಾತು ಎಂದು ನಾನು ವನಜಳಿಗೆ ಹೇಳಿರಲಿಲ್ಲ. ಅವಳಾಗಿಯೇ ಹೇಳಿದಳು.

ಮೂರು ಮೂಲಗಳು ಮೂರು ಥರ ಹೇಳಿದರೆ ನಮ್ಮ ಕಚೇರಿಯಲ್ಲಿ ಸುದ್ದಿಯನ್ನು ತಡೆಹಿಡಿಯುತ್ತೇವೆ. ಇದನ್ನೂ ಇಷ್ಟು ವರ್ಷ ತಡೆಹಿಡಿದಿದ್ದೆ. ಆಮೇಲೆ ಸಣ್ಣದಾಗಿ ಎರಡು ಸಲ ಬೆಳಕು ಬಂದಿದೆ, ಬೆರಳು ಜೋಮು ಹಿಡಿದಿದೆ. ಎರಡು ಸಲವೂ ಉಸಿರು ಬಿಗಿಹಿಡಿದು ಬಲಗಡೆಗೆ ಕಿವಿಗೊಟ್ಟೆ. ಯಾರೂ ಬರಲಿಲ್ಲ. ಮಾತ್ರೆ ನುಂಗಿ, ಭಯದಲ್ಲಿ ಒಬ್ಬಳೇ ಕೂತಿದ್ದೆ.

ಕಳ್ವಾ ದಾಟಿ ಗಾಡಿ ಸಿಗ್ನಲ್ಲಿಗೆ ನಿಂತಾಗ ನಾನು ಈಗಲೂ ಅರಿವಿಲ್ಲದೆ ಕಿಟಕಿಯ ಕಡೆಗೆ ಸ್ವಲ್ಪ ಸರಿಯುತ್ತೇನಂತೆ. ಪಕ್ಕದವಳು ಮೊಣಕೈಯಿಂದ ತಿವಿದಾಗಲೇ ನನಗೆ ಗೊತ್ತಾಗುವುದು. ನಿಂತಿರುವ ಸುರೇಖಾತಾಯಿ ನನ್ನ ಬಲಗಡೆಯ ಖಾಲಿ ಜಾಗವನ್ನು ತೋರಿಸಿ ಗದರುತ್ತಾಳೆ. "ಅಗ, ಚೌಥೀ ಸೀಟ್ ಕೋಣಾಸಾಠೀ ಠೇವಲೀಸ್?" ಯಾರಿಗಾಗಿ ಇಟ್ಟಿದ್ದೀ ಎಂದು.

ನಾನು ಪ್ರೂಫಿನ ಹಾಳೆ ತಿರುವುತ್ತೇನೆ. ಜಾಗವನ್ನಂತೂ ನಾನಾಗಿಯೇ ತುಂಬುವುದಿಲ್ಲ.