ಬಿಚ್ಚದ ಇಂಜಿನ್

ಕಮಠಾಣದ ದತ್ತಾತ್ರಿಯವರು ಹನ್ನೊಂದು ವರ್ಷಗಳಿಂದ ತಮ್ಮ ಡೀಸೆಲ್ ವ್ಯಾನಿನಲ್ಲಿ ಬೀದರಿನ ಏಳು ಮಂದಿ ಶಿಕ್ಷಕರನ್ನು ಬೆಳಿಗ್ಗೆ ಔರಾದಕ್ಕೆ ಒಯ್ದು ಸಂಜೆ ವಾಪಸು ತರುತ್ತಾರೆ. ವ್ಯಾನ್ ಸ್ಟ್ಯಾಂಡಿನಲ್ಲಿ ಅವರ ಪರಿಚಯಕ್ಕೆ ಒಂದೇ ಮಾತು ಸಾಕು: ಇಂಜಿನ್ ಒಮ್ಮೆಯೂ ಬಿಚ್ಚಿಸದವರು.

ಈ ಮಾತಿನ ತೂಕ ಹೊರಗಿನವರಿಗೆ ತಿಳಿಯದು. ಆ ಸ್ಟ್ಯಾಂಡಿನಲ್ಲಿ ಬಿಚ್ಚಿಸಿದ ಇಂಜಿನ್ ಎಂದರೆ ಮನೆತನಕ್ಕೆ ಅಂಟಿದ ಕಲೆ. ಆದ್ದರಿಂದ ಚಾಲಕರು ದಿನಾ ಗಾಡಿ ತೊಳೆಯುತ್ತಾರೆ, ಟೈರಿಗೆ ಎಣ್ಣೆ ಸವರುತ್ತಾರೆ, ಮುಂದೆ ಲಿಂಬೆಹಣ್ಣು ಕಟ್ಟುತ್ತಾರೆ. ಬಾನೆಟ್ ಮಾತ್ರ ಎತ್ತುವುದಿಲ್ಲ. ಯಾರಾದರೂ ನೋಡಿದರೆ ಏನಂದುಕೊಂಡಾರು!

ಕಳೆದ ಚಳಿಗಾಲದಲ್ಲಿ ಇಂಜಿನ್ ಚುಸ್ ಚುಸ್ ಎನ್ನತೊಡಗಿತು. ಒಳಗೆಲ್ಲ ಹೊಗೆಯ ವಾಸನೆ. ಬೆಳಿಗ್ಗೆ ಚಾಲೂ ಆಗಲು ಅರ್ಧ ಗಂಟೆ. ಯಾರೂ ಇಲ್ಲದ ವೇಳೆ ನೋಡಿ ದತ್ತಾತ್ರಿಯವರು ಬಾನೆಟ್ ಎತ್ತಿದರು. ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರಿನ ಬುಡದಲ್ಲಿ ಡಾಂಬರಿನಂಥ ಮಸಿ ಗಟ್ಟಿಯಾಗಿತ್ತು. ನೀರಿನ ಟಾಕಿಯ ಬಿರುಕಿಗೆ ಹಚ್ಚುವ ಲೇಪವನ್ನು ಅದರ ಮೇಲೆ ಮೆತ್ತಿ, ಕೈಮುಗಿದು, ಮುಚ್ಚಿಬಿಟ್ಟರು. ಎರಡು ದಿನ ಸದ್ದಡಗಿತು. ಮೂರನೆಯ ದಿನದಿಂದ ಶಿಕ್ಷಕರಿಗೆ ಹಾಜರಿ ತಪ್ಪತೊಡಗಿತು.

ಆ ಶನಿವಾರ, ಏಳು ಮಂದಿಯಲ್ಲಿ ವಿಜ್ಞಾನ ಕಲಿಸುವ ಕೌಸಲ್ಯಾಬಾಯಿ ಮಾತು ತೆಗೆದರು.

"ಕಾಕಾ, ಇಂಜೆಕ್ಟರ್ ಬುಡದ ಸೀಲ್ ಹೋಗ್ಯದ. ಒಳಗಿನ ಹೊಗಿ ಮ್ಯಾಲ ಬರ್ಲಿಕತ್ತದ."

"ಬಾಯಾರ, ನಮ್ಮ ಇಂಜಿನ್ ಬಿಚ್ಚೇ ಇಲ್ರಿ. ಸೀಲ್ ಹ್ಯಾಂಗ ಹೋಗ್ತದ್ರಿ?"

"ಅದ್ನ ಮಕ್ಕಳಿಗಿ ಕಲಿಸಬೇಕಂದ್ರ ನಾ ಮೊದಲ ಸಾಲಿ ಮುಟ್ಟಬೇಕಲ್ಲ! ಸೋಮವಾರ ತಡಾ ಆದ್ರ ನಾವು ಏಳೂ ಮಂದಿ ಇದೇ ಸ್ಟ್ಯಾಂಡಿನ ಓಂಪ್ರಕಾಶ ಅವ್ರ ವ್ಯಾನಿಗಿ ಹೋಗ್ತೇವಿ. ಅವ್ರದೂ ಬಿಚ್ಚಿಲ್ಲಂತ."

ಏಳು ಸೀಟು ಹೋದರೆ ವ್ಯಾನಿನಲ್ಲಿ ಉಳಿಯುವುದು ಲಿಂಬೆಹಣ್ಣು ಮಾತ್ರ. ಆದರೆ ಬೀದರಿನಲ್ಲಿ ರಿಪೇರಿ ಮಾಡಿಸಿದರೆ ಒಂದು ಚಹಾ ಕುಡಿಯುವುದರೊಳಗೆ ಸ್ಟ್ಯಾಂಡಿಗೆಲ್ಲ ಸುದ್ದಿ. ಭಾನುವಾರ ದತ್ತಾತ್ರಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುವೆಗೆಂದು ಹೆಂಡತಿ ಸಖುಬಾಯಿಗೆ ಹೇಳಿ, ಭಾಲ್ಕಿಯ ರೈಲು ನಿಲ್ದಾಣದ ಹತ್ತಿರ ಮಕ್ಬೂಲನ ಗ್ಯಾರೇಜಿಗೆ ಹೋದರು.

ಮಕ್ಬೂಲ ಬಾನೆಟ್ ಎತ್ತಿ ಬೆರಗಾದ. "ಇಲ್ಲಿ ಸಿಮೆಂಟ್ ಯಾರ್ ಹಾಕ್ಯಾರ್ರಿ? ಮನಿ ಕಟ್ಟೋರಿದ್ರೇನು?"

"ಕಂಪನಿಯವ್ರೇ ಹಾಕಿರಬೇಕ್ರಿ ಭಾಯಿ. ಅಲ್ಲ, ಇದಕ್ಕ ಇಂಜಿನ್ ಬಿಚ್ಚೂದು ಅಂತಾರೇನು?"

"ಹಲ್ಲು ಕೀಳಿಸಿದ್ರ ಹೊಟ್ಟಿ ಕೊಯ್ಸಿದಂಗ ಆಗ್ತದೇನ್ರಿ?"

ಆ ಹಲ್ಲು ಸುಲಭವಾಗಿ ಬರಲಿಲ್ಲ. ಲೇಪ ಕೆತ್ತಿ, ಎಣ್ಣೆ ಬಿಟ್ಟು, ಒಂದು ತಾಸು ಕಾದು, ಮಕ್ಬೂಲ ಇಂಜೆಕ್ಟರನ್ನು ಎಳೆದು ತೆಗೆದ. ಅದರ ತುದಿಯ ತಾಮ್ರದ ಉಂಗುರವೇ ಸೀಲು. ಒಂದು ಮಗ್ಗುಲು ಸುಟ್ಟು ಸವೆದಿತ್ತು.

"ಇದ್ನೇ ಕಾಯಿಸಿ ತಿರುವಿ ಹಾಕಿದ್ರ ಆಗಲ್ಲೇನ್ರಿ?"

"ಒಗೀರಿ ಅತ್ತ. ಇನ್ನೊಂದ್ ತಿಂಗಳ ಬಿಟ್ಟಿದ್ರ ಇಂಜೆಕ್ಟರ್ ಅಲ್ಲೇ ಕಚ್ಕೊಂಡು ಖರೇನೇ ಇಂಜಿನ್ ಬಿಚ್ಚಬೇಕಾಗ್ತಿತ್ತು."

ದತ್ತಾತ್ರಿಯವರು ಮಸಿ ಹಿಡಿದ ಉಂಗುರವನ್ನು ಉಗುರಿನಿಂದ ಕೆರೆದು ನೋಡಿ ಒಗೆದರು. ಮಕ್ಬೂಲ ಕುಳಿಯ ಮಸಿ ತೆಗೆದು ಹೊಸ ಸೀಲು ಕೂಡಿಸಿ ಬಿಗಿಯುತ್ತಿದ್ದಾಗ ಹೊರಗೆ ಚುಸ್ ಚುಸ್ ಸದ್ದಾಯಿತು. ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬರು ವ್ಯಾನಿನಿಂದ ಇಳಿದರು.

"ಬರ್ರಿ ಓಂಪ್ರಕಾಶ ಸೇಠ," ಎಂದ ಮಕ್ಬೂಲ. "ಈ ಸಲ ಯಾವ ನಂಬರಿನ ಇಂಜೆಕ್ಟರ್?"

ಓಂಪ್ರಕಾಶರು ದತ್ತಾತ್ರಿಯವರನ್ನು ಕಂಡು ಅಲ್ಲೇ ನಿಂತರು. "ಮದಿವಿಗಿ ಬಂದಿದ್ದೆ, ದತ್ತಾತ್ರಿ ಮಾಮಾ."

"ನಾನೂ ಮದಿವಿಗೇ ಬಂದೀನಿ."

ಮಕ್ಬೂಲ ತಲೆ ಎತ್ತಲಿಲ್ಲ. "ಊಟ ಆಯ್ತೇನ್ರಿ ಇಬ್ರದೂ?"

ಸೋಮವಾರ ವ್ಯಾನು ಒಂದೇ ಸಲಕ್ಕೆ ಚಾಲೂ ಆಯಿತು. ಸದ್ದಿಲ್ಲ, ಹೊಗೆಯಿಲ್ಲ. ಕೌಸಲ್ಯಾಬಾಯಿ ಮೂಗು ಅರಳಿಸಿ ನೋಡಿದರು. "ಏನ್ ಮಾಡಿಸಿದ್ರಿ ಕಾಕಾ?"

"ಏನಿಲ್ರಿ ಬಾಯಾರ, ಲಿಂಬಿಹಣ್ಣು ಬದಲಿ ಮಾಡಿದೆ."

ಪಕ್ಕದ ವ್ಯಾನಿನಿಂದ ಓಂಪ್ರಕಾಶರು ದೊಡ್ಡ ದನಿಯಲ್ಲಿ ಸಾಕ್ಷಿ ನುಡಿದರು: "ಮಾಮಾನ ಇಂಜಿನ್ ಬಿಚ್ಚಿಲ್ರಿ ಬಾಯಾರ. ಅದಕ್ಕ ನಾ ಗ್ಯಾರಂಟಿ."

ಕೌಸಲ್ಯಾಬಾಯಿ ವ್ಯಾನಿನ ಮುಂದೆ ಒಣಗಿ ತೂಗುತ್ತಿದ್ದ ಹಳೆಯ ಲಿಂಬೆಹಣ್ಣನ್ನೊಮ್ಮೆ, ದತ್ತಾತ್ರಿಯವರ ಉಗುರಿನ ಮಸಿಯನ್ನೊಮ್ಮೆ ನೋಡಿದರು. ನಂತರ ಹತ್ತಿ ತಮ್ಮ ಸೀಟಿನಲ್ಲಿ ಕುಳಿತರು. ಅಂದು ಏಳೂ ಜನರಿಗೆ ಹಾಜರಿ ಸಿಕ್ಕಿತು.

ಈಗ ಆರು ತಿಂಗಳಿಗೊಮ್ಮೆ ಭಾಲ್ಕಿಯಲ್ಲಿ ಇಬ್ಬರಿಗೂ ಮದುವೆ ಇರುತ್ತದೆ. ಯಾರು ಯಾವ ಭಾನುವಾರ ಎಂದು ಮೊದಲೇ ಮಾತಾಡಿಕೊಂಡಿರುತ್ತಾರೆ.