ಸತ್ತರೆ ಬರುವ ಊರು

ಇವತ್ತು ಬೆಳಿಗ್ಗೆ ಕೆನ್ನೆಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಮಿಶನ್ ದಿಬ್ಬದ ಗಂಟೆ ಹೊಡೆಯಿತು. ಒಂದು ಏಟು, ದೀರ್ಘ ವಿರಾಮ, ಮತ್ತೊಂದು ಏಟು. ಅರ್ಧ ಗಡ್ಡದ ಮನುಷ್ಯನಿಗೆ ಗಂಭೀರ ಚಿಂತನೆ ಒಪ್ಪುವುದಿಲ್ಲ, ಆದರೂ ಚಿಂತಿಸಿದೆ. ಇದು ಸಾವೋ, ನೀರೋ?

ಈ ಗೊಂದಲ ನಿಮಗೆ ತಿಳಿಯಬೇಕಾದರೆ ನಮ್ಮ ಊರಿನ ಭೂಗೋಳ ತಿಳಿಯಬೇಕು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸು ಮನಸ್ಸು ಮಾಡಿದರೆ ನಿಲ್ಲುವ ಊರು, ಕಪಿಲೆಯ ದಂಡೆಯಲ್ಲಿದೆ. ಗದ್ದೆಗೆ ಹತ್ತಿರವೆಂದು ಹಿರಿಯರು ತಗ್ಗಿನಲ್ಲಿ ಮನೆ ಕಟ್ಟಿದರು. ಯಾರಿಗೂ ಬೇಡದ ಕಲ್ಲುದಿಬ್ಬವನ್ನು ಬಹಳ ಔದಾರ್ಯದಿಂದ ಮಿಶನ್ನಿಗೆ ಬಿಟ್ಟುಕೊಟ್ಟರು.

ಅಲ್ಲಿನ ಪಾದ್ರಿಗಳು ಸತ್ಯಮಂಗಲದ ಕಡೆಯವರು. ಮಳೆ ಕೈಕೊಟ್ಟ ಒಂದು ವರ್ಷ ಕಾವೇರಿ ಗಲಾಟೆ ಎದ್ದು ಬಸ್ಸುಗಳು ನಿಂತವು. ತಮಿಳುನಾಡಿನವರೆಗೆ ಹೋಗಿ ಜಗಳವಾಡುವುದು ಕಷ್ಟವಾದ್ದರಿಂದ ನಮ್ಮ ಊರಿನವರು ಪಾದ್ರಿಗಳ ಗೇಟಿಗೆ ಹೋದರು.

“ನಿಮ್ಮೂರ್ಗೆ ಒಂದ್ ಅನಿ ನೀರೂ ಬುಡಕ್ಕಿಲ್ಲ ಕಣ್ ಸಾ!”

“ಬಿಡಬೇಡಿ. ಕೂಗಿ ಕೂಗಿ ಗಂಟಲು ಒಣಗಿರ್ತದೆ, ನಮ್ಮ ಬಾವೀದು ಕುಡ್ಕೊಂಡು ಹೋಗಿ.”

ಕುಡಿದರು. ಆ ಬೇಸಿಗೆಯೆಲ್ಲ ಇಡೀ ಊರೇ ಆ ಬಾವಿಯದು ಕುಡಿಯಿತು. ನೀರಿಗೆ ಮತವಿಲ್ಲವೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮಿಶನ್ನಿನ ಅನ್ನಕ್ಕೆ ಮಾತ್ರ ಈ ರಿಯಾಯಿತಿ ಸಿಗಲಿಲ್ಲ.

ಹವಾಮಾನ ಕೆಟ್ಟಿದೆಯೆಂದು ಪೇಟೆಯಲ್ಲಿ ಭಾಷಣ ಮಾಡುತ್ತಾರೆ; ನಮ್ಮಲ್ಲಿ ಹೊಳೆಯೇ ಖುದ್ದು ಬಂದು ತಿಳಿಸಿತು. ಬತ್ತಿದ ಹೊಳೆ ಕೆಲವೇ ವರ್ಷದಲ್ಲಿ ಉಕ್ಕಿತು. ನಮ್ಮ ತಲೆಯ ಮೇಲೆ ಬಿಸಿಲು, ವಯನಾಡಿನಲ್ಲಿ ಮಳೆ. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಂದು ಸುದ್ದಿ. ಪಾದ್ರಿಗಳು ಬೆಳಿಗ್ಗೆಯೇ ಮನೆಮನೆಗೆ ಬಂದು, ದಿಬ್ಬ ಹತ್ತಿ ಬನ್ನಿ, ಮಿಶನ್ ಶಾಲೆಯಲ್ಲಿ ಜಾಗವಿದೆ, ಊಟವಿದೆ ಎಂದು ಬೇಡಿಕೊಂಡರು. ನಮ್ಮ ದೊಡ್ಡತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಈಗ ಊಟ ಅಂತಾರೆ, ಆಮ್ಯಾಕೆ ನೀರ್ ಚಿಮುಕ್ಸಿ ಎಸ್ರು ಬದ್ಲಾಯಿಸ್ತಾರೆ. ಒಳೆ ಒಳೆ ತಾವೇ ಇರ್ತದೆ, ಓಗಿ ಸಾ.”

ಮಧ್ಯಾಹ್ನ ಗಂಟೆ ಹೊಡೆಯಿತು: ಒಂದು ಏಟು, ದೀರ್ಘ ವಿರಾಮ. ಇಗರ್ಜಿಯ ಸಾವಿನ ಗಂಟೆ ಎಲ್ಲರಿಗೂ ಗೊತ್ತು. ನಮ್ಮ ಕಡೆ ಮದುವೆ ತಪ್ಪಿಸಬಹುದು, ಸಾವು ತಪ್ಪಿಸುವಂತಿಲ್ಲ. ಹಗೆಯವನದಾದರೂ ಮನೆಮಂದಿಯೆಲ್ಲ ಹೋಗಬೇಕು.

“ಪಾದ್ರಿ ಓಗ್ಬುಟ್ರು ಕಣ್ಲಾ! ಬೆಳಗ್ಗೆ ಬೈದ್ಬುಟ್ನಲ್ಲಪ್ಪೋ!” ಎಂದು ದೊಡ್ಡತ್ತೆ ಒಲೆ ಆರಿಸಿದಳು, ಹಿತ್ತಲಿನ ಹೂವು ಕಿತ್ತು ಹಾರ ಕಟ್ಟಿದಳು. ಊರಿಗೆ ಊರೇ ದಿಬ್ಬ ಹತ್ತಿತು. ಗೇಟಿನಲ್ಲಿ ಪಾದ್ರಿಗಳು ನಿಂತಿದ್ದರು.

“ಅಯ್ಯೋ, ಸತ್ತಿಲ್ವಾ ನೀವು?” ಅತ್ತೆಯ ಧ್ವನಿಯಲ್ಲಿ ತುಸು ನಿರಾಶೆಯೂ ಇತ್ತು.

“ಇಲ್ಲಮ್ಮಾ. ಕರೆದ್ರೆ ನೀವು ಬರಲ್ಲ, ಸತ್ರೆ ಬರ್ತೀರಿ. ಅದಕ್ಕೇ ಸತ್ತೆ.”

ತಿರುಗಿ ನೋಡಿದರೆ ಕೆಳಗಿನ ಬೀದಿಗೆ ನೀರು ನುಗ್ಗುತ್ತಿತ್ತು. ನಾವು ಗಂಡಸರು ಓಡಿಹೋಗಿ ದನ ಬಿಚ್ಚಿ ತಂದೆವು, ಮನೆಗಳನ್ನು ತರಲಾಗಲಿಲ್ಲ. ಸಾವಿಗೆ ಕಟ್ಟಿದ ಹಾರ ವಾಪಸು ಒಯ್ಯಬಾರದೆಂದು ಅತ್ತೆ ಅದನ್ನು ಗೇಟಿಗೇ ಸಿಕ್ಕಿಸಿದಳು. ಆಮೇಲೆ ಮಿಶನ್ ಸಾರಿಗೆ ಉಪ್ಪು ಕಮ್ಮಿ ಎಂದಳು, ಮತ್ತೆ ಬಡಿಸಿಕೊಂಡಳು. ಹೆಸರೇನೂ ಬದಲಾಗಲಿಲ್ಲ.

ಇವತ್ತು ಬೆಳಿಗ್ಗೆಯೂ ಬಿಸಿಲು ಚೆನ್ನಾಗಿಯೇ ಇತ್ತು. ಅದರಿಂದ ಏನೂ ಸಾಬೀತಾಗುವುದಿಲ್ಲ.

“ಬಟ್ಟೆ ಗಂಟು ತಕ್ಕೊಳ್ಳನಾ, ಊವಿನ್ ಆರ ತಕ್ಕೊಳ್ಳನಾ?” ಒಳಗಿನಿಂದ ಹೆಂಡತಿ ಕೇಳಿದಳು.

“ಎರಡೂ ತಗೋ.”

ಅರ್ಧ ಗಡ್ಡದಲ್ಲೇ ಹೊರಟೆ. ಬೀದಿಯವರೆಲ್ಲ ಹಾಗೆಯೇ, ಕಂಕುಳಲ್ಲಿ ಬಟ್ಟೆಗಂಟು, ಕೈಯಲ್ಲಿ ಹೂವು, ದಿಬ್ಬ ಹತ್ತುತ್ತಿದ್ದರು. ಈ ಸಲವೂ ಮೋಸಹೋಗೋಣವೆಂಬ ಆಸೆ ಎಲ್ಲರ ಮುಖದಲ್ಲಿತ್ತು.

ಗೇಟು ತೆರೆದಿತ್ತು. ಸತ್ತಿಲ್ಲ ಎನ್ನಲು ಅಲ್ಲಿ ಯಾರೂ ನಿಂತಿರಲಿಲ್ಲ. ನಾನು ಗಂಟನ್ನು ಕೆಳಗಿಟ್ಟು ಹಾರವನ್ನು ಕೈಗೆ ತೆಗೆದುಕೊಂಡೆ.