ಬಂಡೆಪ್ಪನವರ ಕೊರಳು
ತೆಲಂಗಾಣದ ಗಡಿಯಲ್ಲಿರುವ ನಮ್ಮ ಪೊಲೀಸ್ ಠಾಣೆಯ ರೈಟರ್ ಬಂಡೆಪ್ಪನವರು ಮೊಗುಡಂಪಲ್ಲಿಯಿಂದ ದಿನಾ ಬಸ್ಸಿಗೆ ಬರುತ್ತಾರೆ; ವಿಚಾರಿಸುವುದು ಕನ್ನಡದಲ್ಲಿ, ವರದಿ ಬರೆಯುವುದು ತೆಲುಗಿನಲ್ಲಿ. ಯಾರನ್ನಾದರೂ ಹಿಡಿದು ತಂದ ಕಾನ್‌ಸ್ಟೇಬಲ್ "ಭುಜ ಹಿಡದು ತಂದೀನ್ರಿ" ಎಂದರೆ ಬಂಡೆಪ್ಪನವರು ಪೆನ್ನು ಮುಟ್ಟುವುದಿಲ್ಲ. ಕನ್ನಡಕ ತೆಗೆದಿಟ್ಟು ಎದ್ದು ನಿಂತು, "ಹ್ಯಾಂಗ ಹಿಡದಿ, ನನ್ನ ಮ್ಯಾಲ ತೋರಸು" ಎನ್ನುತ್ತಾರೆ. ಎಸ್ಸೈ ಸಾಹೇಬರು ಎದುರಿಗಿದ್ದರೂ ಬಿಡುವುದಿಲ್ಲ. ಭುಜ ಎಂದವರ ಕೈ ಎಷ್ಟೋ ಸಲ ತಾನಾಗಿ ಅವರ ಕೊರಳನ್ನು ಸುತ್ತುತ್ತದೆ. ಆಗ ಕೆಮ್ಮುತ್ತ ಕುಳಿತು, ಕೊರಳು ಎಂದೇ ಬರೆಯುತ್ತಾರೆ. ಮುದುಕನ ಹುಚ್ಚು ಎಂದು ನಾವು ನಗುತ್ತಿದ್ದೆವು. ಮೊನ್ನೆ ಹೊಸ ಕಾನ್‌ಸ್ಟೇಬಲ್ ಸುಮನ್ ಕಾರಣ ಕೇಳಿಯೇಬಿಟ್ಟ. ಬಂಡೆಪ್ಪನವರು ಕನ್ನಡಕ ಒರೆಸುತ್ತ ಹೇಳಿದರು: "ಹಿಂದ ಒಮ್ಮೆ, ಒಬ್ಬನ್ನ ಹಿಡದು ತಂದವರು ಹೇಳಿದ್ರಂತ ಭುಜ ಅಂತ ಬರದಿದ್ದೆ. ಅಂವ ಸತ್ತ. ಅವನ ಅವ್ವ ಆ ಕಾಗದ ಹಿಡಕೊಂಡು ನನ್ನ ಮುಂದ ನಿಂತಳು. 'ಭುಜ ಹಿಡದ್ರ ಮನಷ್ಯಾ ಸಾಯ್ತಾನೇನ್ರಿ' ಅಂದಳು."